ನಾರ್ದರ್ನ್ ಲೈಟ್ಸ್ ನೋಡೋಕೆ ಅಷ್ಟು ದೂರ ಹೋದರೆ ಕಂಡೇ ಕಾಣುತ್ತಾ?

ಓದುಗರ ಪ್ರಶ್ನೆ: ಉತ್ತರ ಧ್ರುವದ ಕಡೆಯ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಅಂದರೆ ನಾರ್ದರ್ನ್ ಲೈಟ್ಸ್ ನೋಡಬೇಕು ಅನ್ನೋದು ಎಷ್ಟೋ ವರ್ಷದ ಕನಸು. ಜೀವನದಲ್ಲಿ ಒಂದು ಸಲ ಮಾತ್ರ ಹೋಗೋಕೆ ಆಗಬಹುದು. ಯಾವ ಊರಿಗೆ ಹೋಗಲಿ, ಯಾವ ತಿಂಗಳು ಹೋಗಲಿ? ಅಷ್ಟು ದೂರ ಹೋಗಿ ಏನೂ ಕಾಣದೆ ಬಂದರೆ ಏನು ಮಾಡೋದು?

ಉತ್ತರ: ಕಂಡೇ ಕಾಣುತ್ತದೆ ಅಂತ ಯಾರೂ ಬರೆದುಕೊಡಲಾರರು. ಬರೆದುಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಸರಿಯಾದ ಜಾಗ, ಸರಿಯಾದ ತಿಂಗಳು ಆರಿಸಿಕೊಂಡು ನಾಲ್ಕೈದು ರಾತ್ರಿ ಉಳಿದರೆ ಬರಿಗೈಯಲ್ಲಿ ವಾಪಸ್ ಬರುವ ಸಾಧ್ಯತೆ ಕಡಿಮೆ. ಟಿಕೆಟ್ ತೆಗೆಯುವಾಗ ಹೆಚ್ಚಿನವರು ಎರಡೇ ವಿಷಯ ನೋಡುತ್ತಾರೆ. ಊರು ಎಷ್ಟು ಉತ್ತರಕ್ಕಿದೆ, ಸೂರ್ಯ ಈ ವರ್ಷ ಎಷ್ಟು ಜೋರಾಗಿದ್ದಾನೆ. ನಾನು ಮೊದಲು ನೋಡು ಅನ್ನುವುದು ಮೂರನೆಯದನ್ನು: ಆ ಊರಿನ ಆಕಾಶದಲ್ಲಿ ಮೋಡ ಎಷ್ಟು?

ಯಾಕೆ ಅಂತ ಗೊತ್ತಾಗಬೇಕಾದರೆ ಈ ಬೆಳಕು ಹುಟ್ಟುವುದು ಹೇಗೆ ಅಂತ ಸ್ವಲ್ಪ ತಿಳಿದಿರಬೇಕು. ಸೂರ್ಯನಿಂದ ವಿದ್ಯುದಾವೇಶ ಇರುವ ಕಣಗಳು ಸದಾ ಹೊರಗೆ ಹರಿಯುತ್ತಿರುತ್ತವೆ. ಇದೇ ಸೌರಮಾರುತ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗ. ಭೂಮಿಯ ಕಾಂತಕ್ಷೇತ್ರ ಅದಕ್ಕೆ ಅಡ್ಡ ನಿಲ್ಲುತ್ತದೆ, ಆ ಹೊಡೆತಕ್ಕೆ ಸಿಕ್ಕಿ ಹಿಂದಕ್ಕೆ ಉದ್ದನೆಯ ಬಾಲದ ಹಾಗೆ ಎಳೆದುಕೊಳ್ಳುತ್ತದೆ. ಆ ಬಾಲದಲ್ಲಿ ಶಕ್ತಿ ತುಂಬುತ್ತಾ ತುಂಬುತ್ತಾ ಒಂದು ಹಂತದಲ್ಲಿ ತಡೆಯಲಾರದೆ ಬಿಟ್ಟುಕೊಡುತ್ತದೆ. ಆಗ ಎಲೆಕ್ಟ್ರಾನ್‌ಗಳು ಕಾಂತರೇಖೆಗಳನ್ನೇ ದಾರಿ ಮಾಡಿಕೊಂಡು ಕೆಳಕ್ಕೆ ನುಗ್ಗಿ ಗಾಳಿಯ ಅಣುಗಳಿಗೆ ಬಡಿಯುತ್ತವೆ. ಬಡಿಸಿಕೊಂಡ ಆಮ್ಲಜನಕ ನೂರು, ನೂರೈವತ್ತು ಕಿ.ಮೀ. ಎತ್ತರದಲ್ಲಿ ಹಸಿರು ಬೆಳಕು ಕೊಡುತ್ತದೆ. 200 ಕಿ.ಮೀ. ದಾಟಿದ ಮೇಲೆ ಅದೇ ಆಮ್ಲಜನಕ ಕೆಂಪು ಕೊಡುತ್ತದೆ. ಕೆಳಗಿನ ಅಂಚಿನಲ್ಲಿ ಕಾಣುವ ಗುಲಾಬಿ, ನೇರಳೆ ಸಾರಜನಕದ್ದು.

ಕೆಂಪು ಮೇಲೆ ಮಾತ್ರ ಯಾಕೆ ಅಂದರೆ, ಆಮ್ಲಜನಕದ ಪರಮಾಣು ಆ ಕೆಂಪು ಬೆಳಕನ್ನು ಬಿಡೋಕೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಹೊತ್ತು ಬೇಕು. ಕೆಳಗೆ ಗಾಳಿ ದಟ್ಟ. ಅಷ್ಟು ಹೊತ್ತು ಸುಮ್ನೆ ಇರೋಕೆ ಅಕ್ಕಪಕ್ಕದ ಅಣುಗಳು ಬಿಡುವುದಿಲ್ಲ, ಡಿಕ್ಕಿ ಹೊಡೆದು ಅದರ ಶಕ್ತಿ ಕಿತ್ತುಕೊಳ್ಳುತ್ತವೆ. ಹಸಿರಿಗೆ ಒಂದು ಸೆಕೆಂಡೂ ಬೇಡ. ಅದಕ್ಕೇ ನಾವು ಜಾಸ್ತಿ ಹಸಿರನ್ನೇ ನೋಡುತ್ತೇವೆ.

ಈಗ ಮೋಡದ ವಿಷಯಕ್ಕೆ ಬನ್ನಿ. ಬೆಳಕು ಹುಟ್ಟುವುದು ನೂರು ಕಿ.ಮೀ. ಮೇಲೆ, ಮೋಡ ಇರುವುದು ಹತ್ತು ಹನ್ನೆರಡು ಕಿ.ಮೀ. ಒಳಗೆ. ಮೇಲೆ ಎಂಥ ಕುಣಿತ ನಡೆದರೂ ಮೋಡ ಮುಚ್ಚಿದರೆ ಮುಗಿಯಿತು. ಮತ್ತೆ ಈ ಬೆಳಕು ಧ್ರುವದ ನೆತ್ತಿಯ ಮೇಲೆ ಬೀಳುವುದಿಲ್ಲ, ಕಾಂತಧ್ರುವದ ಸುತ್ತ ಬಳೆಯ ಹಾಗೆ ಬೀಳುತ್ತದೆ. ಹಾಗಾಗಿ ಉತ್ತರಕ್ಕೆ ಹೋದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಸಮೂಹ ಎಷ್ಟೋ ರಾತ್ರಿ ಬಳೆಯ ಒಳಗೆ ಉಳಿದುಬಿಡುತ್ತದೆ, ಬೆಳಕು ಅದರ ದಕ್ಷಿಣಕ್ಕೆ ಕಾಣುತ್ತದೆ. ಕಾಂತಧ್ರುವ ಉತ್ತರ ಅಮೆರಿಕದ ಕಡೆಗೆ ವಾಲಿರುವುದರಿಂದ ಕೆನಡಾದ ಯೆಲ್ಲೋನೈಫ್ 62 ಡಿಗ್ರಿಯಲ್ಲಿದ್ದೂ ಬಳೆಯ ಕೆಳಗೇ ಇದೆ. ನಾರ್ವೆಯಲ್ಲಿ ಅದೇ ಬಳೆ ಸಿಗಬೇಕಾದರೆ 69 ಡಿಗ್ರಿಯ ಟ್ರೊಮ್ಸೊವರೆಗೆ ಹೋಗಬೇಕು.

ಬಳೆಯ ಕೆಳಗಿನ ಊರುಗಳಲ್ಲಿ ಬೆಳಕಿಗೆ ದೊಡ್ಡ ಸೌರಬಿರುಗಾಳಿಯೇ ಬೇಕಿಲ್ಲ. ಫೋನಿನ ಆ್ಯಪ್‌ನಲ್ಲಿ ಕೆಪಿ ಅಂತ 0ಯಿಂದ 9ರವರೆಗೆ ಒಂದು ಸೂಚ್ಯಂಕ ಬರುತ್ತದೆ, ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಹೇಳುವುದು. ಕೆಪಿ 2 ಇದೆ ಅಂತ ಬೇಜಾರಾಗಿ ಮಲಗುವವರನ್ನು ನೋಡಿದ್ದೇನೆ. ಬಳೆಯಿಂದ ದೂರ ಇರುವವರಿಗೆ ಆ ಸಂಖ್ಯೆ ದೊಡ್ಡದಾಗಿರಬೇಕು. ಟ್ರೊಮ್ಸೊದಲ್ಲೋ ಯೆಲ್ಲೋನೈಫ್‌ನಲ್ಲೋ ಇದ್ದರೆ ಆಕಾಶ ತಿಳಿಯಾಗಿದ್ದರೆ 2 ಕೂಡ ಸಾಕು.

ನನ್ನನ್ನು ಕೇಳಿದರೆ, ಒಂದೇ ಸಲ ಹೋಗುವವರಿಗೆ ಟ್ರೊಮ್ಸೊ ಮತ್ತು ಅಬಿಸ್ಕೊ ಎರಡನ್ನೂ ಸೇರಿಸಿಕೊಳ್ಳಿ ಅನ್ನುತ್ತೇನೆ. ಟ್ರೊಮ್ಸೊ ಸಮುದ್ರದ ಬದಿಯ ಊರು. ಬೆಚ್ಚಗಿನ ಸಮುದ್ರ ಪ್ರವಾಹದಿಂದಾಗಿ ಅಷ್ಟು ಉತ್ತರದಲ್ಲಿದ್ದರೂ ಚಳಿ ಅಂಥ ಭಯಂಕರ ಅಲ್ಲ. ಆದರೆ ಅದೇ ಸಮುದ್ರ ಮೋಡವನ್ನೂ ತರುತ್ತದೆ. ಅಲ್ಲಿ ರಾತ್ರಿ ಹೊರಡುವ ಗಾಡಿಗಳು ತಿಳಿ ಆಕಾಶ ಹುಡುಕಿಕೊಂಡು ಕೆಲವೊಮ್ಮೆ ಫಿನ್‌ಲ್ಯಾಂಡ್ ಗಡಿ ದಾಟಿ ಹೋಗುವುದೂ ಉಂಟು. ಅಬಿಸ್ಕೊ ಇರುವುದು ಸ್ವೀಡನ್‌ನಲ್ಲಿ, ಬೆಟ್ಟಸಾಲಿನ ಆಚೆ. ಪಶ್ಚಿಮದಿಂದ ಬರುವ ತೇವ ಎಲ್ಲ ಬೆಟ್ಟದ ಮೇಲೇ ಸುರಿದುಹೋಗುತ್ತದೆ. ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ-ಹಿಮ ಅಷ್ಟೇ. ಸುತ್ತ ಮೋಡ ಇದ್ದರೂ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಒಂದು ತುಂಡು ಆಕಾಶ ತೆರೆದಿರುತ್ತದೆ. ಅಲ್ಲಿಯವರು ಅದನ್ನು ನೀಲಿ ಕಿಂಡಿ ಅನ್ನುತ್ತಾರೆ. ಟ್ರೊಮ್ಸೊದಿಂದ ನಾರ್ವಿಕ್‌ಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಚಿಲ್ಲರೆ, ಅಲ್ಲಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಕರಾವಳಿಯಲ್ಲಿ ಮೋಡ ಕವಿದರೆ ಒಳನಾಡು ಇದೆ. ಒಂದೇ ಕಡೆ ಐದು ರಾತ್ರಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಯಾಕೆಂದರೆ ಮೋಡ ಒಮ್ಮೆ ಕೂತರೆ ಮೂರು ದಿನ ಅಲ್ಲೇ ಕೂರುತ್ತದೆ.

ಅಬಿಸ್ಕೊದಲ್ಲಿ ಮೊದಲ ರಾತ್ರಿ ನನಗೂ ಏನೂ ಕಾಣಲಿಲ್ಲ. ಎರಡನೇ ರಾತ್ರಿ ಹತ್ತರ ಹೊತ್ತಿಗೆ ಸರೋವರಕ್ಕೆ ಇಳಿದೆ. ಮಾರ್ಚ್ ತಿಂಗಳು, 70 ಕಿ.ಮೀ. ಉದ್ದದ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಹೆಜ್ಜೆ ಇಟ್ಟರೆ ಹಿಮ ಕರಕರ ಅನ್ನುತ್ತಿತ್ತು. ಉತ್ತರದಲ್ಲಿ ಬೂದು ಬಣ್ಣದ ತೆಳು ಪಟ್ಟಿ. ಮೋಡ ಅಂದುಕೊಂಡೆ. ಆಮೇಲೆ ನೋಡಿದರೆ ಅದರ ಹಿಂದಿನ ನಕ್ಷತ್ರಗಳು ಹಾಗೇ ಕಾಣುತ್ತಿವೆ. ಫೋನ್ ತೆಗೆದು ಮೂರು ಸೆಕೆಂಡ್ ಅಲ್ಲಾಡಿಸದೆ ಹಿಡಿದೆ. ಪರದೆಯ ಮೇಲೆ ಪಟ್ಟಿ ಹಸಿರಾಗಿತ್ತು.

ಇದೇ ಎಲ್ಲರೂ ತಿಳಿದುಕೊಂಡು ಹೋಗಬೇಕಾದ ವಿಷಯ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ. ಅರೋರಾ, ಅಂದರೆ ಈ ಬೆಳಕು, ಮಂಕಾಗಿದ್ದಾಗ ಬೂದಾಗಿಯೇ ಕಾಣುತ್ತದೆ. ಕ್ಯಾಮೆರಾ ಬೆಳಕನ್ನು ಸೆಕೆಂಡುಗಟ್ಟಲೆ ಕೂಡಿಹಾಕುವುದರಿಂದ ಅದಕ್ಕೆ ಹಸಿರು ಸಿಗುತ್ತದೆ. ಫೋಟೋ ನೋಡಿ ಹೋದವರು "ಇಷ್ಟೇನಾ?" ಅಂತ ಒಳಗೆ ಹೋಗಿಬಿಡುತ್ತಾರೆ. ಆ ರಾತ್ರಿಯೂ ನನ್ನ ಪಕ್ಕದಲ್ಲಿದ್ದವರಲ್ಲಿ ಅರ್ಧದಷ್ಟು ಜನ ಹಾಗೇ ಹೋದರು.

ಪಟ್ಟಿ ಮುಕ್ಕಾಲು ಗಂಟೆ ಅಲುಗಾಡಲಿಲ್ಲ. ಆಮೇಲೆ ಅದರ ಕೆಳ ಅಂಚು ತಟ್ಟನೆ ಬೆಳಗಿತು. ಈಗ ಬರಿಗಣ್ಣಿಗೇ ಹಸಿರು. ಅಂಚಿನ ಗುಂಟ ಗುಲಾಬಿ ಬಣ್ಣ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಗಾಳಿಗೆ ಸಿಕ್ಕ ಪರದೆ ಹಾಗೆ ಮಡಿಕೆ ಬಿದ್ದು, ಬಿಚ್ಚಿ, ನೋಡನೋಡುತ್ತಿದ್ದಂತೆ ನಮ್ಮ ತಲೆಯ ಮೇಲಕ್ಕೇ ಬಂತು. ನೆತ್ತಿಯ ಒಂದೇ ಬಿಂದುವಿನಿಂದ ಎಲ್ಲ ದಿಕ್ಕಿಗೂ ಕಿರಣ ಬಿದ್ದವು. ಕೆಳಗೆ ಹಿಮ ಹಸಿರು, ನನ್ನ ಬಿಳಿ ಕೈಗವಸು ಹಸಿರು. ಯಾರೂ ಮಾತಾಡಲಿಲ್ಲ. ಆರೇಳು ನಿಮಿಷ ಅಷ್ಟೇ. ಆಮೇಲೆ ತುಂಡು ತುಂಡಾಗಿ ಒಡೆದು, ಒಂದೊಂದು ತುಂಡೂ ಉಸಿರಾಡುವ ಹಾಗೆ ಹತ್ತಿ ಆರಿ, ಹತ್ತಿ ಆರಿ ಕರಗಿತು.

ಆಗಲೇ ಹೇಳಿದ ಬಾಲದಲ್ಲಿ ಶಕ್ತಿ ತುಂಬುವುದು, ಬಿಟ್ಟುಕೊಡುವುದು ಇದೇ. ಆ ಸುಮ್ನೆ ನಿಂತ ಪಟ್ಟಿ ತುಂಬುವ ಹೊತ್ತು. ಒಂದು ರಾತ್ರಿಯಲ್ಲಿ ಹೀಗೆ ಎರಡು ಮೂರು ಸಲವೂ ಆಗಬಹುದು. ರಾತ್ರಿ ಹತ್ತರಿಂದ ಎರಡರವರೆಗೆ ಅವಕಾಶ ಜಾಸ್ತಿ. ಆದ್ದರಿಂದ ಮಂಕು ಪಟ್ಟಿ ಕಂಡರೆ ಒಳಗೆ ಹೋಗಬೇಡಿ. ಇನ್ನೊಂದು ಪದರ ಬಟ್ಟೆ ಹಾಕಿಕೊಂಡು ಕಾಯಿರಿ.

ಹಗಲು ಏನು ನೋಡುವುದು ಅನ್ನುವುದೂ ಮುಖ್ಯ ಅಲ್ವಾ? ಟ್ರೊಮ್ಸೊದಲ್ಲಿ ಕೇಬಲ್ ಕಾರಿನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್‌ಗೆ ಹೋಗಿ. ಇಡೀ ಊರು ನೀರಿನ ನಡುವೆ ದೀಪದ ದ್ವೀಪವಾಗಿ ಕಾಣುತ್ತದೆ. ಕೆಳಗೆ ಹಿಮಗಡ್ಡೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದ ಹಾಗಿರುವ ಆರ್ಕ್ಟಿಕ್ ಕೆಥೆಡ್ರಲ್ ಇದೆ, 1965ರದ್ದು. ನವೆಂಬರ್‌ನಿಂದ ಜನವರಿವರೆಗೆ ಹೆರಿಂಗ್ ಮೀನನ್ನು ಹಿಂಬಾಲಿಸಿ ಓರ್ಕಾ, ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ಕಡೆಯ ಫ್ಯೋರ್ಡ್‌ಗಳಿಗೆ (ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ತೋಳುಗಳಿಗೆ) ಬರುತ್ತವೆ. ಅಬಿಸ್ಕೊದಲ್ಲಿ 1909ರಲ್ಲೇ ಆದ ರಾಷ್ಟ್ರೀಯ ಉದ್ಯಾನ ಇದೆ. ಎರಡು ಬೆಟ್ಟಗಳ ನಡುವೆ ಬಟ್ಟಲಿನ ಹಾಗೆ ಕೊರೆದ ಲಾಪ್ಪೋರ್ಟೆನ್ ಕಣಿವೆಯನ್ನು ಊರಿನಿಂದಲೇ ನೋಡಬಹುದು. ಹತ್ತಿರದ ಕಿರುನಾ ಪಟ್ಟಣದ ದೊಡ್ಡ ಭಾಗವನ್ನೇ ಗಣಿಯ ಕಾರಣಕ್ಕೆ ಪಕ್ಕಕ್ಕೆ ಸರಿಸುತ್ತಿದ್ದಾರೆ. 1912ರ ಅಲ್ಲಿನ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಬಿಚ್ಚದೆ, ಗಾಲಿಗಳ ಮೇಲೆ ಐದು ಕಿ.ಮೀ. ಸಾಗಿಸಿ ಹೊಸ ಜಾಗದಲ್ಲಿ ಇಟ್ಟರು. ಪಕ್ಕದ ಯೂಕಸ್‌ಯಾರ್ವಿಯಲ್ಲಿ ಟೋರ್ನೆ ನದಿಯ ಮಂಜುಗಡ್ಡೆ ಕಡಿದು ಪ್ರತಿ ಚಳಿಗಾಲವೂ ಹೊಸದಾಗಿ ಕಟ್ಟುವ ಐಸ್‌ಹೋಟೆಲ್ ಇದೆ. ಉಳಿಯಲೇಬೇಕಿಲ್ಲ, ಹಗಲು ಹೋಗಿ ನೋಡಿ ಬರಬಹುದು.

ಐಸ್‌ಲ್ಯಾಂಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅರೋರಾಗಾಗಿಯೇ ಹೋಗುವುದಾದರೆ ಅದು ನನ್ನ ಮೊದಲ ಆಯ್ಕೆ ಅಲ್ಲ, ಅಲ್ಲಿ ಮೋಡ ಜಾಸ್ತಿ. ಆದರೆ ಬೆಳಕು ಕಾಣದಿದ್ದರೂ ಹೋಗಿದ್ದಕ್ಕೆ ಪಶ್ಚಾತ್ತಾಪ ಆಗದ ದೇಶ ಬೇಕಾದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಥಿಂಗ್‌ವೆಟ್ಲಿರ್‌ನಲ್ಲಿ ಉತ್ತರ ಅಮೆರಿಕ ಮತ್ತು ಯುರೇಷ್ಯಾ ಭೂಫಲಕಗಳು ದೂರ ಸರಿಯುತ್ತಿರುವ ಬಿರುಕಿನಲ್ಲಿ ನಡೆಯಬಹುದು. 930ರಲ್ಲಿ ಜನಸಭೆ ಶುರುವಾದ ಜಾಗವೂ ಅದೇ. ಸ್ಟ್ರೊಕ್ಕುರ್ ಬಿಸಿನೀರ ಬುಗ್ಗೆ ಐದು-ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಯೋಕುಲ್‌ಸಾರ್ಲೋನ್‌ನಲ್ಲಿ ಹಿಮನದಿಯಿಂದ ಕಳಚಿದ ಗಡ್ಡೆಗಳು ಸಮುದ್ರಕ್ಕೆ ತೇಲಿ ಹೋಗಿ, ಕಪ್ಪು ಮರಳಿನ ಮೇಲೆ ಗಾಜಿನ ಹಾಗೆ ಬಂದು ಬೀಳುತ್ತವೆ. ಆ ದಂಡೆಯ ಮೇಲೆ ನಾನು ಅರ್ಧ ದಿನ ಕಳೆದಿದ್ದೇನೆ.

ಫಿನ್‌ಲ್ಯಾಂಡ್‌ನ ರೊವಾನಿಯೆಮಿ ಮಕ್ಕಳಿದ್ದವರಿಗೆ ಸರಿ, ಅಲ್ಲಿ ಸಾಂತಾ ಕ್ಲಾಸ್ ಹಳ್ಳಿ ಇದೆ. ಬೆಳಕೇ ಮುಖ್ಯ ಆದರೆ ಇನ್ನೂ ಮೇಲಕ್ಕೆ, ಇನಾರಿ ಸರೋವರದ ಹತ್ತಿರ ಹೋಗಿ. ಆ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನರ ಬದುಕು ತಿಳಿಯೋಕೆ ಅಲ್ಲಿ ಸೀಡಾ ಅನ್ನುವ ಒಳ್ಳೆಯ ಮ್ಯೂಸಿಯಂ ಇದೆ. ಫಿನ್ನಿಶ್‌ನಲ್ಲಿ ಈ ಬೆಳಕಿಗೆ ರೆವೊನ್‌ತುಲೆತ್ ಅನ್ನುತ್ತಾರೆ, ಅಂದರೆ ನರಿಯ ಬೆಂಕಿ.

ಕೊರೆಯುವ ಚಳಿ ಆಗದವರಿಗೆ ಯೆಲ್ಲೋನೈಫ್ ಹೇಳುತ್ತೇನೆ, ಅದೂ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ. ಸಮತಟ್ಟಾದ ನೆಲ, ಅಡ್ಡ ಬರುವ ಬೆಟ್ಟ ಇಲ್ಲ. 614 ಮೀಟರ್ ಆಳದ ಗ್ರೇಟ್ ಸ್ಲೇವ್ ಸರೋವರ ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಗಾಳಿ ನಿಂತ ರಾತ್ರಿ ಆಕಾಶದಲ್ಲಿರುವುದೆಲ್ಲ ನೀರಲ್ಲೂ ಇರುತ್ತದೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಕೂಡ ಒಳನಾಡಿನ ಊರು, ಅದೂ ಚೆನ್ನಾಗಿದೆ.

ತಿಂಗಳು? ಮೇ, ಜೂನ್, ಜುಲೈ ಬೇಡವೇ ಬೇಡ, ರಾತ್ರಿ ಕತ್ತಲೆಯೇ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಕತ್ತಲೆ ಧಾರಾಳ, ಆದರೆ ಹಗಲು ನೋಡೋಕೆ ಹಗಲೇ ಇರುವುದಿಲ್ಲ. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇಳುವುದೇ ಇಲ್ಲ. ನಾನು ಮಾರ್ಚ್ ಅನ್ನುತ್ತೇನೆ, ಇಲ್ಲವೇ ಸೆಪ್ಟೆಂಬರ್ ಕೊನೆ. ಹಗಲು ರಾತ್ರಿ ಸಮವಾಗಿರುವ ಆ ಹೊತ್ತಿನಲ್ಲಿ ಸೌರಮಾರುತ ಮತ್ತು ಭೂಮಿಯ ಕಾಂತಕ್ಷೇತ್ರ ಒಂದಕ್ಕೊಂದು ಸುಲಭವಾಗಿ ಕೊಂಡಿ ಹಾಕಿಕೊಳ್ಳುತ್ತವೆ, ಅರೋರಾ ಜೋರಾಗುವುದು ಜಾಸ್ತಿ. ಹುಣ್ಣಿಮೆ ಬಿದ್ದರೆ ಮಂಕು ಬೆಳಕು ಇನ್ನೂ ಮಂಕಾಗುತ್ತದೆ, ಆದರೆ ಹಿಮದ ಬೆಟ್ಟ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಅದಕ್ಕಾಗಿ ದಿನಾಂಕ ಬದಲಿಸಬೇಕಿಲ್ಲ.

ಕ್ಯಾಮೆರಾ ಒಯ್ಯುವವರಿಗೆ ಎರಡೇ ಮಾತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ಒತ್ತಿಕೊಂಡಿರುವ ಹಾಗೆ ಇಡಿ. ವಾಪಸ್ ಬರುವಾಗ ಹೊರಗೇ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು ಒಳಗೆ ತನ್ನಿ, ಒಂದೆರಡು ಗಂಟೆ ತೆರೆಯಬೇಡಿ. ಹಾಗೇ ತಂದರೆ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ.

ಇನ್ನು, ಸೂರ್ಯನ ಜೋರು ಇಳಿಯುತ್ತಿದೆಯಂತೆ, ತಡವಾಯಿತಾ ಅನ್ನುವ ಚಿಂತೆ. ಸೂರ್ಯನಿಗೆ ಸುಮಾರು 11 ವರ್ಷದ ಚಕ್ರ ಇದೆ. ಈಗಿನದು 2019ರ ಡಿಸೆಂಬರ್‌ನಲ್ಲಿ ಶುರುವಾಯಿತು, 2024ರ ಹೊತ್ತಿಗೆ ಉಚ್ಚ ಹಂತ ಮುಟ್ಟಿತು. 2024ರ ಮೇ 10ರ ಬಿರುಗಾಳಿಯಲ್ಲಿ ಮೆಕ್ಸಿಕೋದವರಿಗೂ ಅರೋರಾ ಕಂಡಿತು. ಅಂಥ ರಾತ್ರಿಗಳು ಮುಂದೆ ಅಪರೂಪ ಆಗುತ್ತವೆ, ನಿಜ. ಆದರೆ ಬಳೆಯ ಕೆಳಗೆ ನಿಂತವರಿಗೆ ನಷ್ಟ ಕಡಿಮೆ. ಚಕ್ರ ಇಳಿಯುವ ವರ್ಷಗಳಲ್ಲಿ ಸೂರ್ಯನ ಮೇಲೆ ಕರೋನಾ ರಂಧ್ರಗಳು, ಅಂದರೆ ಅದರ ಹೊರ ಆವರಣದಲ್ಲಿ ಕಣಗಳು ಸುಲಭವಾಗಿ ಹೊರನುಗ್ಗುವ ಕಿಂಡಿಗಳು, ತಿಂಗಳುಗಟ್ಟಲೆ ಉಳಿಯುತ್ತವೆ, ಅವುಗಳಿಂದ ವೇಗದ ಸೌರಮಾರುತ ಬರುತ್ತದೆ. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ತಿರುಗೋಕೆ ಸುಮಾರು 27 ದಿನ. ಅದೇ ರಂಧ್ರ 27 ದಿನಕ್ಕೆ ಮತ್ತೆ ನಮ್ಮ ಕಡೆ ಮುಖ ಮಾಡುತ್ತದೆ. ಹೊರಡುವ ಮುಂಚೆ, ಹಿಂದಿನ ತಿಂಗಳು ಯಾವ ಯಾವ ರಾತ್ರಿ ಬೆಳಕು ಜೋರಾಗಿತ್ತು ಅಂತ ನೋಡಿಕೊಳ್ಳಿ. ಅದಕ್ಕೆ 27 ಸೇರಿಸಿ. ಆ ರಾತ್ರಿಗಳು ನಿಮ್ಮ ಪ್ರವಾಸದಲ್ಲಿ ಬಿದ್ದರೆ ಅವತ್ತು ಮಧ್ಯಾಹ್ನ ಒಂದು ನಿದ್ದೆ ಮಾಡಿ, ಹತ್ತು ಗಂಟೆಗೆ ಹೊರಗಿರಿ.