ಸೆರೆಯಾಳಿನ ಮನಸ್ಸು ಸೆರೆಹಿಡಿದವನ ಕಡೆ ಯಾಕೆ ವಾಲುತ್ತದೆ?

ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಬಂದವರೆಲ್ಲ ಮೊದಲು ನೋಡುವುದು ಅಹ್ಮದ್ ಶಾ ವಲಿಯ ಗೋರಿ. ನಮ್ಮ ಕಡೆ ಎಷ್ಟೋ ಜನ ಆತನನ್ನು ಅಲ್ಲಮಪ್ರಭು ಅಂತಲೇ ನಂಬುತ್ತಾರೆ. ಅದರ ಪಕ್ಕದಲ್ಲೇ ಮಗ ಅಲಾವುದ್ದೀನ್ ಅಹ್ಮದ್‌ನ ಗೋರಿ ಇದೆ.

ಈ ಅಲಾವುದ್ದೀನ್ 1436ರಲ್ಲಿ ಪಟ್ಟಕ್ಕೆ ಬಂದ, ಕೊಂಕಣಕ್ಕೆ ದಂಡು ಕಳಿಸಿದ. ದಂಡು ಸಂಗಮೇಶ್ವರದ ರಾಜನನ್ನು ಮಣಿಸಿ ಅವನ ಮಗಳನ್ನೂ ಬೀದರ್‌ಗೆ ತಂದಿತು. ಸುಲ್ತಾನ ಅವಳಿಗೆ ಮನಸೋತು ಮದುವೆಯಾದ. ಜೇಬಾ ಚೆಹ್ರಾ ಅನ್ನುವ ಹೊಸ ಹೆಸರಲ್ಲಿ ಅವಳು ಅರಮನೆ ಸೇರಿದಳು. ಮೊದಲ ರಾಣಿ ಖಾನ್ದೇಶದ ದೊರೆ ನಸೀರ್ ಖಾನನ ಮಗಳು. ಅವಳು ತವರಿಗೆ ದೂರು ಬರೆದಳು, ಅಪ್ಪ ಸುಲ್ತಾನನ ಬೇರಾರ ಪ್ರಾಂತ್ಯದ ಮೇಲೆ ಏರಿ ಬಂದು ಸೋತು ಹಿಂದಿರುಗಿದ. ಸುಲ್ತಾನನ ಮೋಹ, ರಾಣಿಯ ಸಿಟ್ಟು, ಅಪ್ಪನ ಸೇಡು ಎಲ್ಲವನ್ನೂ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸಂಗಮೇಶ್ವರದ ಹುಡುಗಿಗೆ ಏನನ್ನಿಸಿತು ಅನ್ನುವುದು ಮಾತ್ರ ಅಲ್ಲಿಲ್ಲ.

ಈ ಕಥೆ ಕೇಳಿ ಕೆಲವರು "ಎಂಥ ಪ್ರೀತಿ" ಅನ್ನುತ್ತಾರೆ, ಕೆಲವರು "ಪಾಪ, ಅವಳಿಗೆ ಬೇರೆ ದಾರಿ ಏನಿತ್ತು" ಅನ್ನುತ್ತಾರೆ. ನನಗೆ ಎರಡೂ ಅವಸರದ ಮಾತು ಅನಿಸುತ್ತದೆ. ಸೆರೆಯಲ್ಲಿ ಇದ್ದವರಿಗೆ ಸೆರೆಹಿಡಿದವನ ಮೇಲೆ ಒಲವು ನಿಜವಾಗಿಯೇ ಹುಟ್ಟಬಹುದು. ಹಾಗೆ ಹುಟ್ಟಿದ ಮಾತ್ರಕ್ಕೆ ಅವರು ಒಪ್ಪಿದ್ದರು ಅಂತ ಆಗುವುದಿಲ್ಲ.

ಇದು ಹೇಗೆ ಸಾಧ್ಯ? ಮೊದಲು ಒಂದು ಸೇತುವೆಯ ಪ್ರಯೋಗ ನೋಡೋಣ. 1974ರಲ್ಲಿ ಕೆನಡಾದ ಕ್ಯಾಪಿಲಾನೊ ನದಿಯ ಮೇಲಿನ ತೂಗುಸೇತುವೆಯಲ್ಲಿ ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅದನ್ನು ನಡೆಸಿದರು. ಸೇತುವೆ ಸುಮಾರು 70 ಮೀಟರ್ ಎತ್ತರ, ಕಾಲಿಟ್ಟರೆ ಅಲ್ಲಾಡುತ್ತದೆ. ಅಲ್ಲಿ ಒಬ್ಬ ಯುವತಿ ಗಂಡಸರಿಗೆ ಕೆಲವು ಪ್ರಶ್ನೆ ಕೇಳಿ ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಆಮೇಲೆ ಫೋನ್ ಮಾಡಿದರು. ತಗ್ಗಿನ, ಗಟ್ಟಿ ಸೇತುವೆಯಲ್ಲಿ ನಂಬರ್ ಪಡೆದ 16 ಜನರಲ್ಲಿ ಇಬ್ಬರು ಮಾತ್ರ. ಭಯದಿಂದ ಎದೆ ಡವಗುಟ್ಟುತ್ತಿತ್ತು, ಅದನ್ನು ಮನಸ್ಸು ಎದುರಿಗಿದ್ದವಳ ಮೇಲಿನ ಸೆಳೆತ ಅಂತ ಲೆಕ್ಕ ಹಾಕಿಕೊಂಡಿತು ಅಂತ ಅವರು ವಿವರಿಸಿದರು. ಚಿಕ್ಕ ಪ್ರಯೋಗ, ಇದೊಂದರ ಮೇಲೆ ಜಾಸ್ತಿ ಭಾರ ಹಾಕಬಾರದು.

ಅದೇ ಡಟನ್ ಮುಂದೆ 1981ರಲ್ಲಿ ಸೂಸನ್ ಪೇಂಟರ್ ಜೊತೆ ಸೇರಿ, ಹೊಡೆಯುವ ಗಂಡನನ್ನು ಹೆಂಡತಿ ಯಾಕೆ ಬಿಟ್ಟು ಹೋಗುವುದಿಲ್ಲ ಅನ್ನುವುದನ್ನು ಅಭ್ಯಾಸ ಮಾಡಿದರು. ಇದು ನನಗೆ ಸೇತುವೆಗಿಂತ ಬಹಳ ಮುಖ್ಯ. ಅವರು ಕಂಡದ್ದು ಎರಡು ವಿಷಯ. ಒಬ್ಬರ ಕೈಯಲ್ಲಿ ಪೂರ್ತಿ ಅಧಿಕಾರ, ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲ. ಮತ್ತೆ, ಹಿಂಸೆಯ ನಡುನಡುವೆ ಯಾವಾಗ ಬರುತ್ತದೋ ಗೊತ್ತಿಲ್ಲದ ಕರುಣೆ. ಈ ಎರಡನೆಯದು ಪ್ರಾಣಿಗಳಲ್ಲೂ ಕೆಲಸ ಮಾಡುತ್ತದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಕೊಕ್ಕಿನಿಂದ ಕುಟ್ಟಿದಾಗಲೆಲ್ಲ ಕಾಳು ಸಿಕ್ಕ ಹಕ್ಕಿ ಕಾಳು ನಿಂತ ಮೇಲೆ ಬೇಗ ಕುಟ್ಟುವುದು ಬಿಟ್ಟಿತು. ಆಗೊಮ್ಮೆ ಈಗೊಮ್ಮೆ ಸಿಕ್ಕ ಹಕ್ಕಿ ಕಾಳು ಪೂರ್ತಿ ನಿಂತರೂ ಬಹಳ ಹೊತ್ತು ಕುಟ್ಟುತ್ತಲೇ ಇತ್ತು. ದಿನಾ ಕ್ರೂರಿಯಾಗಿರುವ ಕಾವಲುಗಾರನಿಂದ ಮನಸ್ಸು ಏನನ್ನೂ ಬಯಸುವುದಿಲ್ಲ. ಒಮ್ಮೆ ರೊಟ್ಟಿ ಕೊಟ್ಟು ಇನ್ನೊಮ್ಮೆ ಒದೆಯುವವನ ಮುಖವನ್ನು ಮಾತ್ರ ಅದು ಓದುತ್ತಲೇ ಇರುತ್ತದೆ, ಅವನ ಹೆಜ್ಜೆ ಸಪ್ಪಳ ಕಲಿಯುತ್ತದೆ, ಅವನ ಸಿಟ್ಟು ಯಾವಾಗ ಇಳಿಯುತ್ತದೆ ಅಂತ ಕಾಯುತ್ತದೆ.

ಮಿದುಳಿನ ವಿಜ್ಞಾನಿ ರೆಜಿನಾ ಸುಲ್ಲಿವನ್ ಅವರ ಇಲಿಮರಿಗಳ ಪ್ರಯೋಗ ಇನ್ನೂ ಕಠೋರ. ಹುಟ್ಟಿ ಹತ್ತು ದಿನವೂ ಆಗದ ಮರಿಗೆ ಒಂದು ವಾಸನೆ ತೋರಿಸಿ ಸಣ್ಣಗೆ ಶಾಕ್ ಕೊಟ್ಟರೆ, ಅದು ಆ ವಾಸನೆಯಿಂದ ದೂರ ಓಡುವುದಿಲ್ಲ, ಅದರ ಕಡೆಗೇ ಹೋಗುತ್ತದೆ. ಆ ವಯಸ್ಸಿನಲ್ಲಿ ಮಿದುಳಿನ ಭಯದ ಕೇಂದ್ರ ಅಮಿಗ್ಡಲಾ ಈ ಕಲಿಕೆಯಲ್ಲಿ ಭಾಗವಹಿಸುವುದಿಲ್ಲ. ಯಾಕೆಂದರೆ ತಾಯಿ ಒರಟಾಗಿದ್ದರೂ ಮರಿ ಅವಳಿಗೇ ಅಂಟಿಕೊಳ್ಳಬೇಕು, ಬಿಟ್ಟರೆ ಸಾವು. ದೊಡ್ಡ ಮನುಷ್ಯರು ಇಲಿಮರಿಗಳಲ್ಲ, ನಿಜ. ಆದರೆ ಅಂಟಿಕೊಳ್ಳುವ ಸ್ವಭಾವ ಎದುರಿಗಿರುವವನು ಒಳ್ಳೆಯವನೋ ಕೆಟ್ಟವನೋ ಅಂತ ನೋಡಿ ಶುರುವಾಗುವುದಿಲ್ಲ ಅನ್ನುವುದು ಇಲ್ಲಿ ಕಾಣುತ್ತದೆ ಅಲ್ವಾ?

ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಬರೋಣ. 1942ರಲ್ಲಿ ಸ್ಲೊವಾಕಿಯಾದಿಂದ ಬಂದ ಯಹೂದಿ ಯುವತಿ ಹೆಲೆನಾ ಸಿಟ್ರೊನೋವಾ. ಕಾವಲಿಗಿದ್ದ, ಎಸ್‌ಎಸ್ ಅನ್ನುವ ನಾಜಿ ಪಡೆಯ ಸಿಪಾಯಿ ಫ್ರಾಂಜ್ ವುನ್ಶ್ ತನ್ನ ಹುಟ್ಟುಹಬ್ಬಕ್ಕೆ ಅವಳಿಂದ ಹಾಡಿಸಿ ಮನಸೋತ. ನಾಜಿ ಕಾನೂನಿನ ಪ್ರಕಾರ ಈ ಸಂಬಂಧವೇ ಅಪರಾಧ. ಮೊದಲು ಅವಳಿಗೆ ಅವನನ್ನು ಕಂಡರೆ ದ್ವೇಷ. ಆಮೇಲೆ ಅವಳ ಅಕ್ಕ ಇಬ್ಬರು ಮಕ್ಕಳ ಜೊತೆ ಬಂದಾಗ, ವುನ್ಶ್ ಅಕ್ಕನನ್ನು ಗ್ಯಾಸ್ ಕೋಣೆಯಿಂದ ಉಳಿಸಿದ. ಮಕ್ಕಳು ಉಳಿಯಲಿಲ್ಲ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. 1972ರಲ್ಲಿ ವಿಯೆನ್ನಾದಲ್ಲಿ ವುನ್ಶ್ ಮೇಲೆ ವಿಚಾರಣೆ ನಡೆದಾಗ ಹೆಲೆನಾ ಸಾಕ್ಷಿ ಹೇಳಲು ಇಸ್ರೇಲಿನಿಂದ ಬಂದರು. ಅವನ ಬಿಡುಗಡೆಯಾಯಿತು. ಕೊನೆಕೊನೆಗೆ ತಾನು ಅವನನ್ನು ನಿಜಕ್ಕೂ ಪ್ರೀತಿಸಿದ್ದೆ ಅಂತ ಮುಂದೊಂದು ದಿನ ಆಕೆಯೇ ಹೇಳಿದರು. ಅದು ಪ್ರೀತಿಯಲ್ಲ, ಸುಮ್ನೆ ಭ್ರಮೆ ಅಂತ ಆಕೆಗೆ ತಿದ್ದಿ ಹೇಳುವ ಹಕ್ಕು ಯಾರಿಗಿದೆ? ಹಾಗಂತ ಆಕೆಯ ಒಲವನ್ನು ತೋರಿಸಿ ಆ ಜಾಗದಲ್ಲಿ ನಡೆದದ್ದನ್ನು ಮೆದುಗೊಳಿಸುವ ಹಕ್ಕೂ ಯಾರಿಗೂ ಇಲ್ಲ.

ಇಂಥದ್ದಕ್ಕೆಲ್ಲ ಈಗ ಸ್ಟಾಕ್‌ಹೋಮ್ ಸಿಂಡ್ರೋಮ್ ಅಂತ ಒಂದೇ ಚೀಟಿ ಅಂಟಿಸುವ ರೂಢಿ ಇದೆ. 1973ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಒಂದು ಬ್ಯಾಂಕಿನಲ್ಲಿ ನಾಲ್ವರು ನೌಕರರು ಆರು ದಿನ ಒತ್ತೆಯಾಳುಗಳಾದರು. ಅವರಲ್ಲಿ ಕ್ರಿಸ್ಟಿನ್ ಎನ್‌ಮಾರ್ಕ್ ಪ್ರಧಾನಿ ಓಲೊಫ್ ಪಾಲ್ಮೆಗೆ ಫೋನಿನಲ್ಲಿ, ದರೋಡೆಕೋರನಿಗಿಂತ ಪೊಲೀಸರು ನುಗ್ಗುವ ಭಯವೇ ತಮಗೆ ಜಾಸ್ತಿ ಅಂದರು. ಗುಂಡು ಹಾರಿದರೆ ಸಾಯುವುದು ತಾವೇ ಅಂತ ಲೆಕ್ಕ ಹಾಕಿದವಳ ಮಾತು ಅದು. ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯ ನಿಲ್ಸ್ ಬೇಯೆರೊಟ್, ಆಕೆಯನ್ನು ಮಾತಾಡಿಸದೆಯೇ ಅದನ್ನು ಸಿಂಡ್ರೋಮ್ ಅಂದರು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇಂದಿಗೂ ಅಂಥ ಕಾಯಿಲೆ ಇಲ್ಲ.

ಹೆಂಗಸರನ್ನು ಕೇಳದೆಯೇ ತೀರ್ಮಾನಿಸುವುದು ನಮ್ಮ ದೇಶದಲ್ಲೂ ಆಯಿತು. ದೇಶ ವಿಭಜನೆಯ ಗಲಭೆಯಲ್ಲಿ ಅಪಹರಣವಾದ ಹೆಂಗಸರನ್ನು ವಾಪಸ್ ತರಲು 1949ರಲ್ಲಿ ಕಾನೂನು ಬಂತು. ಉದ್ದೇಶ ಒಳ್ಳೆಯದೇ, ಎಷ್ಟೋ ಹೆಂಗಸರಿಗೆ ಅದರಿಂದ ಬಿಡುಗಡೆ ಸಿಕ್ಕಿತು. ಆದರೆ ಅಷ್ಟರಲ್ಲಿ ಕೆಲವರಿಗೆ ಅಲ್ಲೇ ಮಕ್ಕಳಾಗಿದ್ದವು, ಮರಳಿ ಹೋಗಲು ಮನಸ್ಸಿರಲಿಲ್ಲ. ಆ ಕಾನೂನಿನಲ್ಲಿ ಅವರ ಇಷ್ಟಕ್ಕೆ ಬೆಲೆಯೇ ಇರಲಿಲ್ಲ. ಅತ್ತು ಬೇಡ ಅಂದವರನ್ನೂ ಕಳಿಸಿದರು. ಮೊದಲು ಎತ್ತಿಕೊಂಡು ಹೋದವನು ಅವರನ್ನು ಕೇಳಲಿಲ್ಲ, ಆಮೇಲೆ ಸರ್ಕಾರವೂ ಕೇಳಲಿಲ್ಲ.

ಯುದ್ಧ ಇಲ್ಲದ ಊರಲ್ಲೂ ಈ ಮಾತು ಬೇಕು. ಹೊಡೆಯುವ ಗಂಡನನ್ನು ಬಿಟ್ಟು ತವರಿಗೆ ಬಂದ ಹೆಣ್ಣುಮಗಳು ತಿಂಗಳೊಳಗೆ ಮತ್ತೆ ಅಲ್ಲಿಗೇ ಹೋದರೆ, ಕಲಬುರಗಿ, ಯಾದಗಿರಿ ಓಣಿಗಳಲ್ಲಿ "ಆಕಿಗಿ ಅದೇ ಬೇಕಾಗ್ಯಾದ" ಅಂದುಬಿಡುತ್ತಾರೆ. ಡಟನ್ ಮತ್ತು ಪೇಂಟರ್ 1993ರಲ್ಲಿ ಇಂಥ ಸಂಬಂಧ ಬಿಟ್ಟು ಬಂದ 75 ಹೆಂಗಸರ ಅಧ್ಯಯನ ಪ್ರಕಟಿಸಿದರು. ಆರು ತಿಂಗಳಾದ ಮೇಲೂ ಅವನ ಮೇಲಿನ ಸೆಳೆತ ಕಡಿಮೆಯಾಗಿದ್ದು ಸುಮಾರು ಕಾಲು ಭಾಗ ಅಷ್ಟೇ. ವಾಪಸ್ ಹೋದವಳು ಇನ್ನೊಮ್ಮೆ ಬರಬಹುದು, ಮತ್ತೊಮ್ಮೆಯೂ ಬರಬಹುದು. ಪ್ರತಿ ಸಲವೂ ಬೈಯದೆ ಬಾಗಿಲು ತೆಗೆಯಿರಿ. ಮಹಿಳಾ ಸಹಾಯವಾಣಿಯ ನಂಬರ್ 181.