ಒಂದು ಯಂತ್ರ, ಹತ್ತಾರು ಲ್ಯಾಬ್, ಲಕ್ಷಗಟ್ಟಲೆ ಜೀವಕೋಶ

ಕ್ಯಾನ್ಸರ್ ಸಂಶೋಧನೆ ನಡೆಯುವ ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಒಂದು ಕೋಣೆ ಇರುತ್ತದೆ. ಅದು ಯಾವ ಪ್ರೊಫೆಸರಿಗೂ ಸೇರಿದ್ದಲ್ಲ, ಎಲ್ಲರಿಗೂ ಸೇರಿದ್ದು. ಬಾಗಿಲ ಮೇಲೆ ಲೇಸರ್ ಎಚ್ಚರಿಕೆಯ ಚೀಟಿ, ಒಳಗೆ ಜೋರಾಗಿ ಏಸಿ, ಯಂತ್ರಕ್ಕೆ ವಾರಗಟ್ಟಲೆ ಮೊದಲೇ ತುಂಬಿದ ಬುಕಿಂಗ್. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ, ಐಐಎಸ್‌ಸಿಯಲ್ಲಿ, ನವಿ ಮುಂಬೈಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ವಿಭಾಗದಲ್ಲಿ ಇಂಥ ಫ್ಲೋ ಸೈಟೋಮೆಟ್ರಿ ಲ್ಯಾಬ್‌ಗಳಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವುದಂತೂ ಈ ಯಂತ್ರದ ತವರುಮನೆಯಲ್ಲೇ ಇದೆ.

ಯಂತ್ರದ ಕೆಲಸ ಹೇಳುವುದು ಸುಲಭ. ರಕ್ತ, ಅಸ್ಥಿಮಜ್ಜೆ ಅಥವಾ ಗಡ್ಡೆಯಿಂದ ಬಿಡಿಸಿದ ಜೀವಕೋಶಗಳನ್ನು ಒಂದು ತೆಳು ನೀರಿನ ಧಾರೆಯಲ್ಲಿ ಒಂದರ ಹಿಂದೆ ಒಂದು ಹರಿಸುತ್ತಾರೆ. ಪ್ರತಿಯೊಂದೂ ಲೇಸರ್ ಕಿರಣದ ಮುಂದೆ ಹಾದು ಹೋಗುತ್ತದೆ. ಚದುರಿದ ಬೆಳಕಿನಿಂದ ಕೋಶದ ಗಾತ್ರ ಮತ್ತು ಒಳಗೆ ಎಷ್ಟು ಕಣಗಳು ತುಂಬಿವೆ ಎಂಬುದು ಅಂದಾಜಾಗುತ್ತದೆ. ಮೊದಲೇ ಅಂಟಿಸಿದ ಬಣ್ಣದ ಪ್ರತಿಕಾಯಗಳು (ಒಂದೊಂದೂ ಒಂದು ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಅಣುಗಳು) ಹೊಳೆದರೆ ಅದರ ಮೈಮೇಲೆ ಯಾವ ಪ್ರೋಟೀನ್ ಇದೆ ಎಂದು ಗೊತ್ತಾಗುತ್ತದೆ. ಇದೆಲ್ಲ ಸೆಕೆಂಡಿಗೆ ಸಾವಿರಾರು ಕೋಶಗಳ ವೇಗದಲ್ಲಿ.

ಸಾರ್ಟರ್ ಎಂಬ ಅಣ್ಣ ಯಂತ್ರ ಇನ್ನೊಂದು ಹೆಜ್ಜೆ ಮುಂದೆ. ಅದು ಧಾರೆಯನ್ನು ಅಲುಗಿಸಿ ಹನಿಹನಿಯಾಗಿ ಒಡೆಯುತ್ತದೆ. ಬೇಕಾದ ಕೋಶವಿರುವ ಹನಿ ಧಾರೆಯಿಂದ ಕಳಚಿಕೊಳ್ಳುವ ಕ್ಷಣದಲ್ಲೇ ಅದಕ್ಕೆ ವಿದ್ಯುತ್ ಚಾರ್ಜ್ ಕೊಡುತ್ತದೆ. ಕೆಳಗಿರುವ ಎರಡು ಲೋಹದ ತಟ್ಟೆಗಳ ನಡುವೆ ಆ ಹನಿ ಪಕ್ಕಕ್ಕೆ ವಾಲಿ ತನ್ನ ಟ್ಯೂಬಿಗೆ ಬೀಳುತ್ತದೆ. ಕೋಶ ಜೀವಂತವಾಗಿಯೇ ಕೈಗೆ ಸಿಗುತ್ತದೆ.

ಈ ಹನಿ ತಂತ್ರ ಬಂದದ್ದು ಶಾಯಿ ಚಿಮ್ಮಿಸಿ ಬರೆಯುವ ಯಂತ್ರದಿಂದ. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಶಾಯಿಯ ಹನಿಗಳಿಗೆ ಚಾರ್ಜ್ ಕೊಟ್ಟು ದಾರಿ ತಿರುಗಿಸುವುದನ್ನು ತೋರಿಸಿದ್ದರು. ಅದನ್ನೇ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮ್ಯಾಕ್ ಫುಲ್ವೈಲರ್ ಜೀವಕೋಶಗಳಿಗೆ ಹೊಂದಿಸಿ 1965ರಲ್ಲಿ ಪ್ರಕಟಿಸಿದರು. ಅವರನ್ನು ಕಾಡುತ್ತಿದ್ದದ್ದು ಒಂದು ಸಂಶಯ. ಕೋಶಗಳನ್ನು ಸಣ್ಣ ತೂತಿನ ಮೂಲಕ ಹರಿಸಿ ಎಣಿಸುವ, ಗಾತ್ರ ಅಳೆಯುವ ಕೋಲ್ಟರ್ ಕೌಂಟರಿನಲ್ಲಿ ಅಳೆದರೆ ಕೆಂಪು ರಕ್ತಕಣಗಳು ಎರಡು ಗಾತ್ರದ ಗುಂಪುಗಳಾಗಿ ಕಾಣುತ್ತಿದ್ದವು. ನಿಜವಾಗಿ ಎರಡು ಜಾತಿ ಇವೆಯೋ, ಯಂತ್ರ ಸುಳ್ಳು ಹೇಳುತ್ತಿದೆಯೋ? ಒಂದು ಗುಂಪನ್ನಷ್ಟೇ ಆರಿಸಿ ಮತ್ತೆ ಅಳೆದರು. ಮತ್ತೆ ಎರಡು ಗುಂಪು! ಅಂದರೆ ಎರಡು ಜಾತಿ ಇರಲಿಲ್ಲ. ಕಣ ಯಾವ ಭಂಗಿಯಲ್ಲಿ ತೂತಿನೊಳಗೆ ಹೋಗುತ್ತದೆ ಎಂಬುದರ ಮೇಲೆ ಅಳತೆ ಬದಲಾಗುತ್ತಿತ್ತು, ಅಷ್ಟೇ. ಈ ಯಂತ್ರ ಹುಟ್ಟಿದ್ದೇ ಇನ್ನೊಂದು ಯಂತ್ರದ ಸುಳ್ಳು ಹಿಡಿಯಲು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸ್ಟ್ಯಾನ್‌ಫರ್ಡ್‌ನ ಲೆನ್ ಹರ್ಜನ್‌ಬರ್ಗ್‌ಗೆ ಹೊಳೆಯುವ ಕೋಶಗಳನ್ನು ಆರಿಸಬೇಕಿತ್ತು. ಲಾಸ್ ಅಲಾಮೋಸ್‌ನವರು ಅದನ್ನು ತಾವು ಮಾಡಿಕೊಡಲಿಲ್ಲ, ಆದರೆ ತಮ್ಮ ಯಂತ್ರದ ನಕ್ಷೆಗಳನ್ನೇ ಕೊಟ್ಟರು. ಅದರ ಮೇಲೆ ಹರ್ಜನ್‌ಬರ್ಗ್ ತಂಡ ಲೇಸರ್, ಬಣ್ಣ ಎಲ್ಲ ಸೇರಿಸಿ, ಹೊಳಪು ನೋಡಿ ಕೋಶ ಆರಿಸುವ ಫ್ಯಾಕ್ಸ್ (FACS) ಎಂಬ ಸಾರ್ಟರ್ ಕಟ್ಟಿತು. 1970ರ ದಶಕದಲ್ಲಿ ಬೆಕ್ಟನ್ ಡಿಕಿನ್ಸನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 2006ರಲ್ಲಿ ಹರ್ಜನ್‌ಬರ್ಗ್‌ಗೆ ಕ್ಯೋಟೋ ಪ್ರಶಸ್ತಿ ಬಂತು.

ಸಾರ್ಟರಿನ ಬೆಲೆ ಕೋಟಿಗಳಲ್ಲಿ. ಪ್ರತಿ ಲ್ಯಾಬ್ ಒಂದೊಂದು ಕೊಳ್ಳಲಾಗದು, ಕೊಂಡರೂ ದಿನವಿಡೀ ಕೆಲಸ ಇರದು. ಊರಿಗೊಂದು ಹಿಟ್ಟಿನ ಗಿರಣಿ ಇದ್ದ ಹಾಗೆ ಇದು: ನಿಮ್ಮ ಡಬ್ಬ ನೀವು ತನ್ನಿ, ಸರದಿ ಕಾಯಿರಿ, ಬಾಡಿಗೆ ಕೊಡಿ. ನಿಮಗಿಂತ ಮೊದಲು ಯಾರೋ ಖಾರದ ಪುಡಿ ಮಾಡಿಸಿದ್ದರೆ ನಿಮ್ಮ ರಾಗಿ ಹಿಟ್ಟು ಖಾರವಾಗುತ್ತದಲ್ವಾ? ಇಲ್ಲೂ ಹಾಗೆಯೇ. ಹಿಂದಿನವರ ಕೋಶಗಳು ಪೈಪಿನಲ್ಲಿ ಉಳಿದರೆ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಪ್ರತಿಯೊಬ್ಬರೂ ಎದ್ದು ಹೋಗುವ ಮುನ್ನ ಬ್ಲೀಚ್ ದ್ರಾವಣ, ಆಮೇಲೆ ಶುದ್ಧ ನೀರು ಹರಿಸಲೇಬೇಕು. ಹಂಚಿಕೆಯ ಲ್ಯಾಬಿನ ಜಗಳಗಳಲ್ಲಿ ಅರ್ಧ ಇದರ ಸುತ್ತವೇ.

ಆದರೆ ಯಂತ್ರ ಹಂಚಿಕೊಳ್ಳುವುದು ಚಿಕ್ಕ ಲಾಭ. ದೊಡ್ಡ ಲಾಭ ಅದನ್ನು ನಡೆಸುವವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಲೇಸರ್ ಹಚ್ಚಿ, ಅದು ಹದಕ್ಕೆ ಬರುವವರೆಗೆ ಕಾದು, ಹೊಳಪು ಮೊದಲೇ ಗೊತ್ತಿರುವ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಹರಿಸಿ ನಿನ್ನೆಯ ಅಂಕಿಗಳ ಜೊತೆ ಹೋಲಿಸುತ್ತಾರೆ. ಸಾರ್ಟರ್ ಆದರೆ ಕೋಶ ಲೇಸರ್ ದಾಟಿದ ಎಷ್ಟು ಹೊತ್ತಿಗೆ ಹನಿ ಕಳಚುತ್ತದೆ ಎಂಬುದನ್ನು ಕರಾರುವಾಕ್ಕಾಗಿ ಹೊಂದಿಸಬೇಕು. ಒಂದೇ ಒಂದು ಹನಿ ಆಚೀಚೆಯಾದರೂ ಚಾರ್ಜ್ ಪಕ್ಕದ ಹನಿಗೆ ಹೋಗುತ್ತದೆ. ಆಗ ಪರದೆ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತದೆ, ಟ್ಯೂಬಿನಲ್ಲಿ ಮಾತ್ರ ಬೇರೆ ಕೋಶ! ಕೋಣೆಯ ಬಿಸಿ ಏರಿದರೂ ಹನಿ ಕಳಚುವ ಜಾಗ ಜರುಗುತ್ತದೆ. ಏಸಿ ಇರುವುದು ಯಂತ್ರಕ್ಕೆ, ನಮಗಲ್ಲ.

ಕ್ಯಾನ್ಸರ್ ಗಡ್ಡೆ ಬಂದರೆ ತಲೆನೋವು ಜಾಸ್ತಿ. ರಕ್ತದಲ್ಲಿ ಕೋಶಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಗಡ್ಡೆಯನ್ನು ಕೊಚ್ಚಿ, ಕೊಲಾಜಿನೇಸ್‌ನಂಥ ಕಿಣ್ವದಲ್ಲಿ ನೆನೆಸಿ, 40 ಮೈಕ್ರಾನಿನ ಜಾಲರಿಯಲ್ಲಿ ಸೋಸಬೇಕು. ಸರಿಯಾಗಿ ಸೋಸದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ, ಕೂದಲೆಳೆಯಷ್ಟು ಕಿರಿದಾದ ತೂತು ಅದು. ಈ ಗಲಾಟೆಯಲ್ಲಿ ಎಷ್ಟೋ ಕೋಶಗಳು ಸಾಯುತ್ತವೆ. ಸತ್ತವು ಸುಮ್ನೆ ಇರುವುದಿಲ್ಲ. ಸಿಕ್ಕ ಪ್ರತಿಕಾಯವನ್ನೆಲ್ಲ ಅಂಟಿಸಿಕೊಂಡು ಹೊಳೆಯುತ್ತವೆ. ಎರಡು ಕೋಶ ಒಟ್ಟಿಗೆ ಅಂಟಿಕೊಂಡು ಹಾದರೆ, ಎರಡರ ಗುರುತೂ ಇರುವ ಹೊಸ ಜಾತಿಯ ಕೋಶ ಸಿಕ್ಕಿತು ಎಂದು ಭ್ರಮೆಯಾಗುತ್ತದೆ. ಒಂದು ಬಣ್ಣದ ಬೆಳಕು ಇನ್ನೊಂದರ ಚಾನೆಲ್ಲಿಗೆ ಸೋರುತ್ತದೆ. ಹತ್ತು ಬಣ್ಣ ಹಾಕಿದರೆ ಸೋರಿಕೆಯ ಲೆಕ್ಕ ನೀವೇ ಊಹಿಸಿ. ಹಾಗಾಗಿ ಲ್ಯಾಬಿನ ಅನುಭವಿ ಕೇಳುವ ಮೊದಲ ಪ್ರಶ್ನೆ ಒಂದೇ: "ಕಂಟ್ರೋಲ್ ತಂದಿದ್ದೀರಾ?" ಅಂದರೆ ಹೋಲಿಸಿ ನೋಡಲು ಬೇಕಾದವು: ಒಂದೇ ಬಣ್ಣ ಹಾಕಿದ ಸ್ಯಾಂಪಲ್, ಬಣ್ಣವೇ ಹಾಕದ ಸ್ಯಾಂಪಲ್, ಒಂದು ಬಣ್ಣ ಮಾತ್ರ ಬಿಟ್ಟ ಸ್ಯಾಂಪಲ್. ಇವಿಲ್ಲದೆ ಬಂದವರನ್ನು ವಾಪಸು ಕಳಿಸುವ ಧೈರ್ಯ ಅವರಿಗಿರಬೇಕು. ಫಲಿತಾಂಶ ಹೀಗೇ ಬರಲಿ ಎಂಬ ಆಸೆ ಅವರಿಗಿಲ್ಲ. ಅದೇ ಅವರ ಬಲ.

ಈ ಎಚ್ಚರ ಯಾಕೆ ಬೇಕು ಎನ್ನುವುದಕ್ಕೆ ಟೊರಾಂಟೊದ ಜಾನ್ ಡಿಕ್ ಅವರ ಕಥೆ ನೋಡಿ. 1994ರಲ್ಲಿ ಅವರ ತಂಡ ಒಂದು ಬಗೆಯ ರಕ್ತದ ಕ್ಯಾನ್ಸರಿನ ಕೋಶಗಳನ್ನು ಸಾರ್ಟರಿನಲ್ಲಿ ಬೇರ್ಪಡಿಸಿ, ರೋಗನಿರೋಧಕ ಶಕ್ತಿ ಕುಂದಿದ ಇಲಿಗಳಿಗೆ ಚುಚ್ಚಿತು. ಮೈಮೇಲೆ ಸಿಡಿ34 ಎಂಬ ಪ್ರೋಟೀನ್ ಇದ್ದು ಸಿಡಿ38 ಎಂಬ ಪ್ರೋಟೀನ್ ಇಲ್ಲದ ಕೋಶಗಳು ಮಾತ್ರ ಇಲಿಯಲ್ಲಿ ಕ್ಯಾನ್ಸರ್ ಬೆಳೆಸಿದವು. ರೋಗಿಯ ರಕ್ತದಲ್ಲಿ ಕ್ಯಾನ್ಸರ್ ಬೆಳೆಸಬಲ್ಲ ಅಂಥ ಕೋಶ 2,50,000ಕ್ಕೆ ಸುಮಾರು 1. ಕ್ಯಾನ್ಸರಿಗೂ ಕಾಂಡಕೋಶ, ಅಂದರೆ ಉಳಿದ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ, ಇದೆ ಎಂಬ ವಾದಕ್ಕೆ ಇದರಿಂದ ದೊಡ್ಡ ಬಲ ಬಂತು. ಡಿಕ್ ಅವರ ಜೊತೆಗಿದ್ದು 1997ರಲ್ಲಿ ಇದೇ ಕೆಲಸ ಮುಂದುವರಿಸಿದವರು ಡಾಮಿನಿಕ್ ಬೊನೆ. ಮುಂದೆ ಲಂಡನ್ನಿನಲ್ಲಿ ಅವರದೇ ತಂಡ 2008ರಲ್ಲಿ ಬೇರೆಯೇ ಒಂದು ವಿಷಯ ಹೇಳಿತು. ಕೋಶ ಗುರುತಿಸಲು ಅಂಟಿಸಿದ ಸಿಡಿ38 ಪ್ರತಿಕಾಯವೇ ಇಲಿಯ ದೇಹದಲ್ಲಿ ಉಳಿದಿದ್ದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸಿ ಆ ಕೋಶಗಳನ್ನು ತೆಗೆದುಹಾಕುತ್ತಿತ್ತು. ಅದನ್ನು ತಡೆದಾಗ ಕೆಲವು ರೋಗಿಗಳ ಸಿಡಿ38 ಇರುವ ಕೋಶಗಳೂ ಕ್ಯಾನ್ಸರ್ ಬೆಳೆಸಿದವು. ಯಂತ್ರ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ತೊಡಕು ಇದ್ದದ್ದು ಅಂಟಿಸಿದ ಚೀಟಿಯಲ್ಲಿ.

ಇದು ಈಗ ಇಲಿಗಳಿಗಷ್ಟೇ ಸೀಮಿತವಲ್ಲ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ನಂತರ ಅಸ್ಥಿಮಜ್ಜೆಯಲ್ಲಿ 10,000ಕ್ಕೆ 1 ಕೆಟ್ಟ ಕೋಶ ಉಳಿದಿದ್ದರೂ ಹುಡುಕಿ ಹೇಳುವುದು ಇದೇ ತಂತ್ರ. 2023ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ, ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ನೆಕ್ಸ್‌ಕಾರ್19ನಂಥ ಚಿಕಿತ್ಸೆಯಲ್ಲಿ ರೋಗಿಯದೇ ಟಿ ಕೋಶಗಳಿಗೆ (ದೇಹದ ರಕ್ಷಣಾ ಕೋಶಗಳಿಗೆ) ಕ್ಯಾನ್ಸರ್ ಗುರುತಿಸುವ ಹೊಸ ಪ್ರೋಟೀನ್ ಕೂಡಿಸುತ್ತಾರೆ. ಎಷ್ಟು ಕೋಶಗಳಲ್ಲಿ ಅದು ಮೂಡಿತು ಎಂದು ಎಣಿಸಲೂ ಫ್ಲೋ ಸೈಟೋಮೀಟರೇ ಬೇಕು.

ಹೊರಗಿನವರಿಗೂ ಈ ಲ್ಯಾಬ್‌ಗಳ ಬಾಗಿಲು ಮೊದಲಿಗಿಂತ ತೆರೆದಿದೆ. ಸರ್ಕಾರಿ ಹಣದಲ್ಲಿ ಕೊಂಡ ಉಪಕರಣಗಳನ್ನು ದೇಶದ ಯಾವ ಸಂಶೋಧಕರಾದರೂ ಹುಡುಕಿ ಬುಕ್ ಮಾಡಲು ಐ-ಸ್ಟೆಮ್ ಪೋರ್ಟಲ್ 2020ರಲ್ಲಿ ಶುರುವಾಯಿತು, ಅದು ನಡೆಯುವುದೂ ಬೆಂಗಳೂರಿನ ಐಐಎಸ್‌ಸಿಯಿಂದಲೇ. ಆದರೆ ಬುಕಿಂಗ್ ಆನ್‌ಲೈನ್ ಆದ ಮಾತ್ರಕ್ಕೆ ಕೋಶ ಆನ್‌ಲೈನ್ ಬರುವುದಿಲ್ಲ. ರಾಸಾಯನಿಕ ಹಾಕಿ ಸ್ಥಿರಗೊಳಿಸಿದ ಸ್ಯಾಂಪಲ್ ಪ್ರಯಾಣ ತಾಳುತ್ತದೆ, ಅದನ್ನು ಎಣಿಸಬಹುದು. ಜೀವಂತ ಕೋಶ ಆರಿಸಿ ಬೆಳೆಸಬೇಕು ಎಂದರೆ ಗಡ್ಡೆ ಹೊರಬಂದ ಕೆಲವೇ ಗಂಟೆಗಳಲ್ಲಿ ಕೆಲಸ ಶುರುವಾಗಬೇಕು. ಕಲಬುರಗಿಯ ಆಪರೇಷನ್ ಥಿಯೇಟರಿನಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಐಸ್ ಡಬ್ಬ ಕಳಿಸಿದರೆ, ಬೆಳಿಗ್ಗೆ ಯಂತ್ರದ ಮುಂದೆ ಬಂದು ನಿಲ್ಲುವವುಗಳಲ್ಲಿ ಸತ್ತವೇ ಜಾಸ್ತಿ ಇರಬಹುದು. ಇಂಥ ಲ್ಯಾಬ್ ಇನ್ನಷ್ಟು ಊರುಗಳಿಗೆ ಬೇಕು ಎನ್ನುವುದು ಇದಕ್ಕೇ. ಯಂತ್ರಕ್ಕೆ ಹಣ ಮಂಜೂರಾಗುವ ದಿನವೇ ಅದನ್ನು ನಡೆಸುವವರ ಕಾಯಂ ಹುದ್ದೆಯೂ ಮಂಜೂರಾಗಬೇಕು.