ಏರ್‌ಲೈನ್ಸಾ, ಕಂಪನಿ ವಿಮಾನವಾ? ಮೊದಲ ಕೆಲಸ ಯಾವುದಿರಲಿ?

ಪ್ರಶ್ನೆ: ನನ್ನ ಮಗಳು ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮುಗಿಸಿದ್ದಾಳೆ. ಒಂದು ಕಂಪನಿಯವರು ತಮ್ಮ ಸಣ್ಣ ಜೆಟ್‌ಗೆ ಕೋ-ಪೈಲಟ್ ಆಗಿ ಬಾ ಅಂತಿದ್ದಾರೆ. ಅವಳಿಗೆ ಏರ್‌ಲೈನ್ಸ್ ಆಸೆ. ಯಾವುದು ಒಳ್ಳೆಯದು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ನೋಡಿ ಅಮ್ಮ, ಏರ್‌ಲೈನ್ಸ್‌ನಲ್ಲಿ ಕೆಲಸ ಸಿಗುವ ಹಾಗಿದ್ದರೆ ಮೊದಲು ಅಲ್ಲಿಗೇ ಹೋಗಲಿ. ಕಂಪನಿ ವಿಮಾನದ ಕೆಲಸ ಕಡಿಮೆಯದ್ದು ಅಂತಲ್ಲ. ನಾನು ಎರಡೂ ಕಡೆ ದುಡಿದವನು.

ಗಂಟೆಗಳ ಲೆಕ್ಕ ನೋಡಿ. ಸಿಪಿಎಲ್‌ಗೆ 200 ಗಂಟೆ ಹಾರಾಟ ಸಾಕು. ಏರ್‌ಲೈನ್ಸ್‌ನಲ್ಲಿ ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನುವ ಮೇಲಿನ ಹಂತದ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆ. ತಿಂಗಳಿಗೆ 60 ಗಂಟೆ ಹಾರಿದರೆ ಎರಡು ವರ್ಷದೊಳಗೆ ಅಲ್ಲಿಗೆ ಮುಟ್ಟಬಹುದು. ಮಾಲೀಕರು ಕರೆದಾಗ ಮಾತ್ರ ಹಾರುವ ಜೆಟ್‌ನಲ್ಲಿ ತಿಂಗಳಿಗೆ 25 ಗಂಟೆ ಸಿಕ್ಕರೆ ನಾಲ್ಕು ವರ್ಷ ದಾಟುತ್ತದೆ. ಆ ಜೆಟ್‌ನ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಸಿಗುವ ಅರ್ಹತೆ, ಏರ್‌ಲೈನ್ಸ್‌ನವರ ಏರ್‌ಬಸ್ 320 ವಿಮಾನಕ್ಕೆ ನಡೆಯೋದೂ ಇಲ್ಲ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವ ವಿಷಯ ಇನ್ನೊಂದಿದೆ. ಕಂಪನಿ ವಿಮಾನದ ನನ್ನ ಒಂದು ದಿನ ಕೇಳಿ. ಬೆಳಿಗ್ಗೆ ಆರಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿದ್ದೆ. ಫ್ಲೈಟ್ ಪ್ಲ್ಯಾನ್, ಹವಾಮಾನ, ಇಂಧನ ಎಲ್ಲ ನಾವೇ ನೋಡಿಕೊಂಡೆವು. ಸೀಟ್ ಒರೆಸಿ, ತಿಂಡಿ ಡಬ್ಬಿ ಜೋಡಿಸಿದ್ದೂ ನಾವೇ. ಒಂಬತ್ತಕ್ಕೆ ಬರಬೇಕಿದ್ದ ಮಾಲೀಕರು ಬಂದದ್ದು ಮಧ್ಯಾಹ್ನ ಮೂರೂವರೆಗೆ. ಇಳಿಯಬೇಕಿದ್ದ ರನ್‌ವೇಯಲ್ಲಿ ದೀಪಗಳಿಲ್ಲ. ಕತ್ತಲಾದ ಮೇಲೆ ಅಲ್ಲಿ ಇಳಿಯುವಂತಿಲ್ಲ. ದಾರಿಯಲ್ಲಿ ಮಳೆ ಮೋಡ ಬೇರೆ. "ಸರ್, ಇವತ್ತು ಆಗಲ್ಲ" ಅಂದರು ನಮ್ಮ ಕ್ಯಾಪ್ಟನ್. ಸಂಬಳ ಕೊಡುವವರು ಒಂದು ಮಾರು ದೂರದಲ್ಲಿ ನಿಂತು, "ಐದು ನಿಮಿಷದ ವಿಷಯ, ನೋಡ್ರೀ" ಅಂತ ಮತ್ತೆ ಮತ್ತೆ ಹೇಳಿದರು. ಕ್ಯಾಪ್ಟನ್ ಜಗ್ಗಲಿಲ್ಲ. ಅವರ ಹಿಂದೆ ಸಾವಿರಾರು ಗಂಟೆಗಳ ಅನುಭವವಿತ್ತು.

200 ಗಂಟೆಯ ಹುಡುಗಿಗೆ ಆ ಗಟ್ಟಿತನ ಎಲ್ಲಿಂದ ಬರಬೇಕು? ಏರ್‌ಲೈನ್ಸ್‌ನಲ್ಲಿ ಪ್ರಯಾಣಿಕರು ಪೈಲಟ್ ಎದುರು ನಿಂತು ಒತ್ತಾಯ ಮಾಡೋದಿಲ್ಲ. ಹವಾಮಾನ ನೋಡುವ ಡಿಸ್ಪ್ಯಾಚ್ ವಿಭಾಗ ಇದೆ, ಬರೆದಿಟ್ಟ ನಿಯಮಗಳಿವೆ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ ಇರುತ್ತದೆ. 'ಇಲ್ಲ' ಅನ್ನೋದನ್ನು ಅಲ್ಲಿ ಕಲಿಯಬಹುದು.

ಮನೆಯ ವಿಷಯಕ್ಕೆ ಬಂದರೆ, ದೇವನಹಳ್ಳಿ ನಿಮಗೆ ಹತ್ತಿರ. 2008ರಲ್ಲಿ ಏರ್‌ಲೈನ್ಸ್ ಅಲ್ಲಿಗೆ ಬಂದವು. ಖಾಸಗಿ ಜೆಟ್‌ಗಳು ಈಗಲೂ ಎಚ್‌ಎಎಲ್‌ನಿಂದ ಹಾರುತ್ತವೆ. ಅಲ್ಲಿಗೆ ಬೆಂಗಳೂರನ್ನೇ ದಾಟಬೇಕು. ರಾತ್ರಿ ಡ್ಯೂಟಿ ಏರ್‌ಲೈನ್ಸ್‌ನಲ್ಲಿ ಜಾಸ್ತಿ, ನಿದ್ದೆ ಕೆಡುತ್ತದೆ. ಆದರೆ ರೋಸ್ಟರ್ (ಡ್ಯೂಟಿ ಪಟ್ಟಿ) ಮೊದಲೇ ಕೈಗೆ ಬರುತ್ತದೆ. ನೆಂಟರ ಮದುವೆಗೆ ಬರ್ತೀನೋ ಇಲ್ಲವೋ ಅಂತಾದರೂ ಹೇಳಬಹುದು, ಅಲ್ವಾ?

ಏರ್‌ಲೈನ್ಸ್ ನೇಮಕಾತಿ ನಿಂತಿದ್ದರೆ ಸುಮ್ನೆ ಮನೆಯಲ್ಲಿ ಕೂರೋದು ಬೇಡ, ಜೆಟ್ ಕೆಲಸ ಹಿಡಿಯಲಿ. ಟೈಪ್ ರೇಟಿಂಗ್ ಖರ್ಚು ಯಾರದ್ದು, ಬಾಂಡ್ ಎಷ್ಟು ವರ್ಷ ಅಂತ ಕಾಗದದಲ್ಲಿ ನೋಡಿಯೇ ಸಹಿ ಹಾಕಲಿ. ಅದಕ್ಕೂ ಮುಂಚೆ ಆ ಕಂಪನಿಯ ಈಗಿನ ಪೈಲಟ್ ಒಬ್ಬರ ಜೊತೆ ಟೀ ಕುಡಿಯುತ್ತಾ ಕೇಳಲಿ: "ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಆಗಲ್ಲ ಅಂದ್ರಿ? ಅವರು ಏನಂದ್ರು?"